ಮನೆತನದ ಪೆಟ್ಟಿಗೆಯಲ್ಲಿರುವ ಜಪಾನಿ ಖಡ್ಗ: ಕಾಲ ಮತ್ತು ಮೂಲವನ್ನು ಗುರುತಿಸುವ ಬಗೆ

ಎರಡನೆಯ ಮಹಾಯುದ್ಧ ಮುಗಿದಾಗ ಬರ್ಮಾ, ಮಲಯ ಮತ್ತು ಸಿಂಗಪುರಗಳಿಂದ ಮರಳಿದ ಭಾರತೀಯ ಸೇನಾಧಿಕಾರಿಗಳ ಸಾಮಾನುಗಳ ನಡುವೆ ಜಪಾನಿ ಖಡ್ಗಗಳೂ ಇದ್ದವು. ಕರ್ನಾಟಕದಲ್ಲಿ, ವಿಶೇಷವಾಗಿ ಸೈನಿಕ ಪರಂಪರೆಯ ಕೊಡಗಿನಲ್ಲಿ, ಇಂಥ ಖಡ್ಗಗಳು ಇಂದಿಗೂ ಮರದ ಪೆಟ್ಟಿಗೆಗಳಲ್ಲಿ, ಗೋಡೆಯ ಮೊಳೆಗಳ ಮೇಲೆ, ಒಡಿಕತ್ತಿ ಪೀಚೆಕತ್ತಿಗಳ ಪಕ್ಕದಲ್ಲಿ ಕಾಣಸಿಗುತ್ತವೆ. ಅವುಗಳನ್ನು ತಂದ ತಲೆಮಾರು ಈಗ ಇಲ್ಲ. ಮೊಮ್ಮಕ್ಕಳಲ್ಲಿ ಹಲವರು ದುಬೈ, ಅಬುಧಾಬಿಗಳಲ್ಲಿ ನೆಲೆಸಿದ್ದಾರೆ. ಆಸ್ತಿ ಪಾಲಾಗುವ ಹೊತ್ತಿಗೆ ಅವರಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇದು ನಿಜಕ್ಕೂ ಎಷ್ಟು ಹಳೆಯದು, ಎಲ್ಲಿಯದು, ಇದನ್ನು ನಾವು ಏನು ಮಾಡಬೇಕು?

ನಾನು ದುಬೈಯಲ್ಲಿ ಲೋಹಪರೀಕ್ಷೆಯ ವೃತ್ತಿಯಲ್ಲಿರುವವನು. ತೈಲಸ್ಥಾವರಗಳ ಕೊಳವೆ, ಕವಾಟ, ಬೆಸುಗೆಗಳು ಸರಿಯಾದ ಉಕ್ಕಿನವೇ ಎಂದು ನೋಡುವುದು ನನ್ನ ನಿತ್ಯದ ಕೆಲಸ. ಜಪಾನಿ ಖಡ್ಗಗಳ ಅಧ್ಯಯನ ಬಿಡುವಿನ ಹವ್ಯಾಸ. ಇವೆರಡೂ ಸೇರಿದ್ದರಿಂದ ಪರಿಚಿತರು ತಮ್ಮ ಮನೆಯ ಖಡ್ಗಗಳ ಛಾಯಾಚಿತ್ರಗಳನ್ನು ನನಗೆ ಕಳುಹಿಸುವುದುಂಟು. ಸಾಮಾನ್ಯ ಗೃಹಸ್ಥನೊಬ್ಬ ತನ್ನ ಮನೆಯ ಖಡ್ಗವನ್ನು ಎಷ್ಟರ ಮಟ್ಟಿಗೆ ತಾನೇ ಓದಿಕೊಳ್ಳಬಹುದು, ಎಲ್ಲಿ ನಿಂತು ತಜ್ಞರ ಮೊರೆಹೋಗಬೇಕು ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಖಡ್ಗ ಬಂದ ದಾರಿ

ಮೊದಲ ಸುಳಿವು ಲೋಹದಲ್ಲಿಲ್ಲ, ಕುಟುಂಬದ ಇತಿಹಾಸದಲ್ಲಿದೆ. ಖಡ್ಗ ತಂದವರು ಯಾವ ದಳದಲ್ಲಿದ್ದರು, ಯಾವ ವರ್ಷ ಎಲ್ಲಿದ್ದರು ಎಂಬುದು ತಿಳಿದರೆ ಮುಂದಿನ ಅರ್ಧ ಕೆಲಸ ಹಗುರವಾಗುತ್ತದೆ.

ಒಂದು ದಾರಿ ರಣರಂಗದ್ದು. 1945ರ ಜನವರಿಯಲ್ಲಿ ಬರ್ಮಾದ ಅರಾಕಾನ್ ತೀರದ ಕಂಗಾವ್‌ನಲ್ಲಿ 51ನೆಯ ಭಾರತೀಯ ಬ್ರಿಗೇಡು ಉಗ್ರವಾಗಿ ಹೋರಾಡಿತು. ಅದರ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ನಾಯಕರಾಗಿದ್ದರು. ಅವರಲ್ಲಿ ಒಬ್ಬರು ಕೊಡಗಿನ ಕೆ. ಎಸ್. ತಿಮ್ಮಯ್ಯ. ಇಂಥ ಕಾಳಗಗಳಲ್ಲಿ ಕೈಗೆ ಸಿಕ್ಕ ಖಡ್ಗಗಳು ಒಂದು ಬಗೆ.

ಎರಡನೆಯ ದಾರಿ ಶರಣಾಗತಿಯದು. ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮುಖ್ಯಸ್ಥ ಮೌಂಟ್‌ಬ್ಯಾಟನ್ ಜಪಾನಿ ಅಧಿಕಾರಿಗಳು ತಮ್ಮ ಖಡ್ಗಗಳನ್ನು ವಿಧಿಪೂರ್ವಕವಾಗಿ ಒಪ್ಪಿಸಲೇಬೇಕೆಂದು ಪಟ್ಟುಹಿಡಿದಿದ್ದರು. ಸೇನಾನಿ ತೆರಾವುಚಿ 1945ರ ನವೆಂಬರ್ 30ರಂದು ಸೈಗಾನಿನಲ್ಲಿ ತನ್ನ ಖಡ್ಗಗಳನ್ನು ಒಪ್ಪಿಸಿದ. ಕೆಳಗಿನ ಹಂತಗಳಲ್ಲಿ ಒಪ್ಪಿಸಲ್ಪಟ್ಟ ಸಾವಿರಾರು ಖಡ್ಗಗಳಲ್ಲಿ ಅನೇಕವು ವಿಜೇತ ಸೇನೆಯ ಅಧಿಕಾರಿಗಳಿಗೆ ಸ್ಮರಣಿಕೆಗಳಾಗಿ ಹಂಚಿಹೋದವು. ಇಂಥ ಖಡ್ಗಗಳಿಗೆ ಕೆಲವೊಮ್ಮೆ ಬಟ್ಟೆಯ ಅಥವಾ ಮರದ ಚಿಕ್ಕ ಚೀಟಿಯೊಂದು ಕಟ್ಟಿರುತ್ತದೆ. ಅದರ ಮೇಲೆ ಶಾಯಿಯಲ್ಲಿ ಒಡೆಯನ ಹೆಸರು, ದಳ, ಕೆಲವೊಮ್ಮೆ ವಿಳಾಸವೂ ಇರುತ್ತದೆ. ಕೊಳಕು ಚಿಂದಿಯೆಂದು ಅದನ್ನು ಕಿತ್ತೆಸೆದ ಮನೆಗಳನ್ನು ನಾನು ಬಲ್ಲೆ. ಖಡ್ಗದೊಂದಿಗಿರುವ ಯಾವುದನ್ನೂ ಎಸೆಯಬಾರದು.

ಮೂರನೆಯ ದಾರಿಯನ್ನು ಹೆಚ್ಚಿನವರು ಮರೆಯುತ್ತಾರೆ. ಯುದ್ಧಾನಂತರ ಜಪಾನನ್ನು ಆಕ್ರಮಿಸಿಕೊಂಡ ಕಾಮನ್‌ವೆಲ್ತ್ ಪಡೆಯಲ್ಲಿ ಭಾರತೀಯ ದಳಗಳೂ ಇದ್ದವು. 268ನೆಯ ಭಾರತೀಯ ಬ್ರಿಗೇಡನ್ನು 1946ರಲ್ಲಿ ಅಲ್ಲಿ ಮುನ್ನಡೆಸಿದವರೂ ತಿಮ್ಮಯ್ಯನವರೇ. ಈ ಪಡೆಯ ವಶದಲ್ಲಿದ್ದ ಪಶ್ಚಿಮ ಜಪಾನಿನಲ್ಲಿ ಒಕಾಯಾಮಾ ಮತ್ತು ಶಿಮಾನೆ ಪ್ರಾಂತಗಳು ಸೇರಿದ್ದವು. ಒಕಾಯಾಮಾ ಎಂದರೆ ಖಡ್ಗಶಿಲ್ಪದ ಮಹಾಕ್ಷೇತ್ರವಾದ ಹಳೆಯ ಬಿಜೆನ್ ಸೀಮೆ. ಶಿಮಾನೆ ಎಂದರೆ ಖಡ್ಗಕ್ಕೆ ಬೇಕಾದ ಕಬ್ಬಿಣದ ಮರಳು ದೊರೆಯುವ ನಾಡು. ಈ ದಾರಿಯಿಂದ ಬಂದ ಖಡ್ಗ ಸೇನೆಯ ಉಡುಗೆ ತೊಡದೆ, ನಾಗರಿಕ ಮನೆತನದ ಮೆರುಗೆಣ್ಣೆಯ ಮರದ ಒರೆಯಲ್ಲೇ ಇರಬಹುದು.

ಉಡುಗೆ ಬೇರೆ, ಅಲಗು ಬೇರೆ

ಜಪಾನಿ ಖಡ್ಗದ ವಿಷಯದಲ್ಲಿ ಮೊದಲು ತಿಳಿಯಬೇಕಾದ ಸೂತ್ರವಿದು. ಹಿಡಿ, ಒರೆ, ಕೈಕಾಪು ಮೊದಲಾದವು ಉಡುಗೆ. ಉಕ್ಕಿನ ಅಲಗು ಅದನ್ನು ತೊಟ್ಟ ದೇಹ. ಉಡುಗೆಯನ್ನು ಕಾಲಕಾಲಕ್ಕೆ ಬದಲಿಸುವುದು ಅಲ್ಲಿನ ವಾಡಿಕೆ. ಮುನ್ನೂರು ವರ್ಷದ ಅಲಗಿಗೆ 1940ರ ಸೇನಾ ಹಿಡಿ ಇರಬಹುದು. 1942ರ ಕಾರ್ಖಾನೆಯ ಅಲಗಿಗೂ ಅದೇ ಹಿಡಿ ಇರಬಹುದು. ಹೊರಗಿನಿಂದ ಅವೆರಡೂ ಅವಳಿಗಳಂತೆ ಕಾಣುತ್ತವೆ. ಆದ್ದರಿಂದ ಉಡುಗೆಯ ಕಾಲ ಮತ್ತು ಅಲಗಿನ ಕಾಲಗಳನ್ನು ಬೇರೆಬೇರೆಯಾಗಿ ನಿರ್ಧರಿಸಬೇಕು.

ಉಡುಗೆಯನ್ನು ಓದುವುದು ಸುಲಭ. ಭೂಸೇನೆಯ ಅಧಿಕಾರಿಗಳ ಖಡ್ಗದ ಮಾದರಿಗಳು 1934 ಮತ್ತು 1938ರಲ್ಲಿ ಜಾರಿಗೆ ಬಂದವು. ಕಂದು ಬಣ್ಣದ ಲೋಹದ ಒರೆ, ಚೆರ್ರಿ ಹೂವಿನ ಅಲಂಕಾರವುಳ್ಳ ಕೈಕಾಪು, ತಿರಣಿ ಮೀನಿನ ಚರ್ಮದ ಮೇಲೆ ಪಟ್ಟಿ ಸುತ್ತಿದ ಹಿಡಿ ಇವುಗಳ ಲಕ್ಷಣ. ರಣರಂಗದ ಬಳಕೆಗೆ ಒರೆಯ ಮೇಲೆ ಚರ್ಮದ ಹೊದಿಕೆ ಇರುವುದೂ ಸಾಮಾನ್ಯ. ನೌಕಾಸೇನೆಯ 1937ರ ಮಾದರಿಗೆ ಕಪ್ಪು ಅಥವಾ ಕಡುನೀಲಿ ಒರೆ, ತೂಗುಹಾಕಲು ಎರಡು ಬಳೆಗಳು. ಹಿಡಿಗೆ ಕಟ್ಟಿದ ಕುಚ್ಚು ಉಳಿದಿದ್ದರೆ ಅದು ಒಡೆಯನ ಪದವಿಯನ್ನೇ ಹೇಳುತ್ತದೆ: ಕಂದು ಮತ್ತು ನೀಲಿಯಾದರೆ ಲೆಫ್ಟಿನೆಂಟ್ ಅಥವಾ ಕ್ಯಾಪ್ಟನ್, ಕಂದು ಮತ್ತು ಕೆಂಪಾದರೆ ಮೇಜರ್‌ನಿಂದ ಕರ್ನಲ್‌ವರೆಗೆ, ಚಿನ್ನದ ಎಳೆಯಿದ್ದರೆ ಜನರಲ್. ನಮ್ಮ ಮನೆಗಳಲ್ಲಿ ಪ್ರತಿಯೊಂದು ಖಡ್ಗವೂ ‘ಜಪಾನಿ ಜನರಲ್‌ನದು’ ಎಂದು ಹೆಸರಾಗಿರುತ್ತದೆ. ನೀಲಿ ಕುಚ್ಚು ಆ ಮಾತನ್ನು ಮೌನವಾಗಿ ತಿದ್ದುತ್ತದೆ.

ಇನ್ನೊಂದು ವರ್ಗ 1935ರ ಮಾದರಿಯ ಹವಾಲ್ದಾರರ ಖಡ್ಗ. ಇದರ ಹಿಡಿ ಎರಕದ ಲೋಹದ್ದು. ಬಟ್ಟೆ ಸುತ್ತಿದಂತೆ ಕಾಣಲು ಬಣ್ಣ ಬಳಿದಿರುತ್ತಾರೆ. ಅಲಗಿನ ಬುಡದಲ್ಲಿ ಕ್ರಮಸಂಖ್ಯೆ ಕೊರೆದಿರುತ್ತದೆ. ಒರೆಯ ಬಾಯಲ್ಲೂ ಅದೇ ಸಂಖ್ಯೆ ಇದ್ದರೆ ಜೋಡಿ ಮೂಲದ್ದು. ಇದು ಯಂತ್ರದಿಂದ ತಯಾರಾದುದು. ಯುದ್ಧೇತಿಹಾಸದ ದೃಷ್ಟಿಯಿಂದ ಮೌಲ್ಯವುಳ್ಳದ್ದಾದರೂ ಕಲಾಕೃತಿಯಲ್ಲ.

ಬಿಚ್ಚುವ ಮುನ್ನ

ಅಲಗಿನ ಕಾಲವನ್ನು ತಿಳಿಯಲು ಹಿಡಿಯೊಳಗೆ ಅಡಗಿರುವ ಬುಡವನ್ನು ನೋಡಲೇಬೇಕು. ಇದಕ್ಕೆ ನಕಾಗೊ ಎಂದು ಹೆಸರು. ಹಿಡಿಯನ್ನು ಮೆಕುಗಿ ಎಂಬ ಬಿದಿರಿನ ಗೂಟವೊಂದು ಹಿಡಿದಿಟ್ಟಿರುತ್ತದೆ. ಸೇನಾ ಖಡ್ಗಗಳಲ್ಲಿ ಕೆಲವೊಮ್ಮೆ ಲೋಹದ ತಿರುಪು ಇರುತ್ತದೆ. ಗೂಟದ ಸಣ್ಣ ತುದಿಯ ಕಡೆಯಿಂದ ಮರದ ಕಡ್ಡಿಯಿಟ್ಟು ಮೃದುವಾಗಿ ತಟ್ಟಿದರೆ ಅದು ಹೊರಬರುತ್ತದೆ. ದಶಕಗಳಿಂದ ತುಕ್ಕುಹಿಡಿದು ಹಿಡಿ ಅಂಟಿಕೊಂಡಿದ್ದರೆ ಬಲಪ್ರಯೋಗ ಸಲ್ಲದು. ಅಲಗನ್ನು ಒರೆಯಿಂದ ತೆಗೆಯುವಾಗ ಬಾಯಿ ಮೇಲ್ಮುಖವಾಗಿರಬೇಕು. ಒರೆಯ ಸೀಳಿನ ಮೇಲೆ ಬೆರಳಿಡಬಾರದು. ಎಂಬತ್ತು ವರ್ಷ ಮಲಗಿದ್ದ ಅಲಗೂ ಅಂಗೈಯನ್ನು ಎಲುಬಿನವರೆಗೆ ಸೀಳಬಲ್ಲುದು.

ಮತ್ತೊಂದು ಮಾತನ್ನು ಒತ್ತಿ ಹೇಳಬೇಕು: ನಕಾಗೊದ ತುಕ್ಕನ್ನು ಎಂದಿಗೂ ಉಜ್ಜಬಾರದು. ಅಲಗಿನ ಮೇಲಣ ತುಕ್ಕು ರೋಗ. ನಕಾಗೊದ ತುಕ್ಕು ಜನ್ಮಪತ್ರ. ಅದನ್ನು ಮರಳುಕಾಗದದಿಂದ ಹೊಳಪಿಸಿದವರು ಖಡ್ಗದ ವಯಸ್ಸಿನ ಮುಖ್ಯ ಪುರಾವೆಯನ್ನೂ, ಅದರೊಂದಿಗೆ ಮೌಲ್ಯದ ಬಹುಭಾಗವನ್ನೂ ಅಳಿಸಿದಂತೆ.

ಅಳತೆ ಮತ್ತು ಆಕಾರ

ಅಲಗಿನ ಉದ್ದವನ್ನು ತುದಿಯಿಂದ ಬೆನ್ನಿನ ಬದಿಯ ಕಚ್ಚಿನವರೆಗೆ ನೇರ ರೇಖೆಯಲ್ಲಿ ಅಳೆಯಬೇಕು. ನಕಾಗೊ ಇದರಲ್ಲಿ ಸೇರದು. ಜಪಾನಿ ಮಾನವಾದ ಶಾಕು 30.3 ಸೆಂಟಿಮೀಟರು. ಒಂದು ಶಾಕುವಿಗಿಂತ ಕಿರಿದಾದುದು ತಾಂತೊ ಎಂಬ ಬಾಕು. ಒಂದರಿಂದ ಎರಡು ಶಾಕುವಿನದು ವಾಕಿಜಾಶಿ. ಎರಡನ್ನು, ಅಂದರೆ 60.6 ಸೆಂಟಿಮೀಟರನ್ನು ಮೀರಿದುದು ಕತಾನಾ ಅಥವಾ ತಾಚಿ.

ಖಡ್ಗಗಳ ಇತಿಹಾಸವನ್ನು ವಿದ್ವಾಂಸರು ಸ್ಥೂಲವಾಗಿ ಹೀಗೆ ವಿಭಾಗಿಸುತ್ತಾರೆ: 1596ರವರೆಗೆ ಕೊತೊ, ಎಂದರೆ ಹಳೆಯ ಖಡ್ಗ, ಅಲ್ಲಿಂದ ಹದಿನೆಂಟನೆಯ ಶತಮಾನದ ಕೊನೆಯ ಭಾಗದವರೆಗೆ ಶಿಂತೊ, ಹೊಸ ಖಡ್ಗ, ನಂತರ 1876ರವರೆಗೆ ಶಿನ್‌ಶಿಂತೊ, ಹೊಸತರಲ್ಲಿ ಹೊಸತು. 1876ರಲ್ಲಿ ಸಾರ್ವಜನಿಕವಾಗಿ ಖಡ್ಗ ಧರಿಸುವುದು ನಿಷೇಧವಾಯಿತು. ಆ ಬಳಿಕದ ಸಾಂಪ್ರದಾಯಿಕ ಖಡ್ಗಗಳು ಗೆಂದೈತೊ. ಕುದುರೆಯ ಮೇಲಿಂದ ಹೋರಾಡುತ್ತಿದ್ದ ಕಾಲದ ಹಳೆಯ ತಾಚಿಗಳ ಬಾಗು ಬುಡದ ಕಡೆಗೆ ಆಳವಾಗಿರುತ್ತದೆ. ಹದಿನೇಳನೆಯ ಶತಮಾನದ ಮಧ್ಯದ ಕತಾನಾಗಳು ಬಹುಮಟ್ಟಿಗೆ ನೇರ. ಆದರೆ ಆಕಾರವೊಂದನ್ನೇ ನಂಬುವಂತಿಲ್ಲ. ಕಾಲ ಬದಲಾದಂತೆ ಉದ್ದದ ತಾಚಿಗಳನ್ನು ಬುಡದಿಂದ ಕತ್ತರಿಸಿ ಗಿಡ್ಡವಾಗಿಸುತ್ತಿದ್ದರು. ಹಾಗೆ ಮಾಡುವಾಗ ಹಳೆಯ ಬುಡದೊಡನೆ ಶಿಲ್ಪಿಯ ಸಹಿಯೂ ಹೋಗುತ್ತಿತ್ತು.

ಬುಡದ ಸಾಕ್ಷ್ಯ

ನಕಾಗೊದಲ್ಲಿ ನಾಲ್ಕು ಸಂಗತಿಗಳನ್ನು ನೋಡಬೇಕು.

ಮೊದಲನೆಯದು ತುಕ್ಕಿನ ಬಣ್ಣ. 1940ರ ದಶಕದ ಬುಡ ಬೂದು ಅಥವಾ ತಿಳಿಗಂದು ಬಣ್ಣದ್ದು. ನಡುವೆ ಉಕ್ಕಿನ ಹೊಳಪು ಇಣುಕುವುದೂ ಉಂಟು. ಶತಮಾನಗಳ ತುಕ್ಕು ಕಡುಗಂದು, ಬಹುತೇಕ ಕಪ್ಪು, ಮುಟ್ಟಿದರೆ ನಯ. ಕಿತ್ತಳೆ ಬಣ್ಣದ ಪುಡಿ ತುಕ್ಕು ವಯಸ್ಸಿನ ಗುರುತಲ್ಲ, ತೇವದ ಗುರುತು.

ಎರಡನೆಯದು ರಂಧ್ರಗಳು. ಒಂದಕ್ಕಿಂತ ಹೆಚ್ಚು ರಂಧ್ರಗಳಿದ್ದರೆ ಅಲಗನ್ನು ಗಿಡ್ಡಮಾಡಿ ಹೊಸ ಹಿಡಿಗೆ ಹೊಂದಿಸಿದ ಸಾಧ್ಯತೆ ಹೆಚ್ಚು; ಬುಡದ ತುದಿ ನೇರವಾಗಿ ತುಂಡರಿಸಿದಂತಿದ್ದರೆ ಆ ಅನುಮಾನ ಬಲಗೊಳ್ಳುತ್ತದೆ.

ಮೂರನೆಯದು ಸಹಿ. ಖಡ್ಗವನ್ನು ತುದಿ ಮೇಲೆ ಮಾಡಿ, ಬಾಯಿ ಎಡಕ್ಕೆ ಬರುವಂತೆ ಹಿಡಿದಾಗ ನಮ್ಮತ್ತ ಕಾಣುವ ಮುಖದಲ್ಲಿ ಕತಾನಾದ ಸಹಿ ಇರುತ್ತದೆ. ಬಾಯಿ ಬಲಕ್ಕಿರುವಾಗ ಸಹಿ ಕಂಡರೆ ಅದು ಸಾಮಾನ್ಯವಾಗಿ ತಾಚಿ. ಹಿಂಬದಿಯಲ್ಲಿ ತಾರೀಖು ಇರಬಹುದು. ಜಪಾನಿ ಲಿಪಿ ಬಾರದವರೂ ತಾರೀಖನ್ನು ಅಷ್ಟಿಷ್ಟು ಓದಬಹುದು. ಒಂದು, ಎರಡು, ಮೂರು ಎಂಬ ಅಂಕಿಗಳು ಅಷ್ಟೇ ಸಂಖ್ಯೆಯ ಅಡ್ಡಗೆರೆಗಳು. ಹತ್ತು ಎಂಬುದು ನಮ್ಮ ಕೂಡಿಸುವ ಚಿಹ್ನೆಯಂತೆ. ಎಂಟು ಎಂಬುದು ಪರಸ್ಪರ ದೂರ ಸರಿದ ಎರಡು ಓರೆಗೆರೆಗಳು. ವರ್ಷವನ್ನು ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುತ್ತಾರೆ. ಷೋವಾ ವರ್ಷಕ್ಕೆ 1925 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ: ಷೋವಾ 17 ಎಂದರೆ 1942. ತೈಷೋ ಆಳ್ವಿಕೆಗೆ 1911, ಮೇಜಿಗೆ 1867 ಕೂಡಿಸಬೇಕು. ಎರಡನೆಯ ಇಲ್ಲವೇ ಎಂಟನೆಯ ತಿಂಗಳನ್ನು ಬರೆಯುವುದು ಹಳೆಯ ರೂಢಿ. ಆ ತಿಂಗಳಲ್ಲೇ ಖಡ್ಗ ಸಿದ್ಧವಾಯಿತೆಂದು ಅದರ ಅರ್ಥವಲ್ಲ.

ಸಹಿ ಇದ್ದಮಾತ್ರಕ್ಕೆ ನಂಬಬೇಕಾಗಿಯೂ ಇಲ್ಲ. ಸುಳ್ಳು ಸಹಿಗೆ ಗಿಮೆಯ್ ಎನ್ನುತ್ತಾರೆ. ಮಸಾಮುನೆ, ಮುರಾಮಸಾ, ಕೊತೆತ್ಸು ಮೊದಲಾದ ಹೆಸರಾಂತ ಶಿಲ್ಪಿಗಳ ಹೆಸರನ್ನು ನೂರಾರು ವರ್ಷಗಳಿಂದಲೂ ಕೊರೆಯುತ್ತ ಬಂದಿದ್ದಾರೆ. ಹೆಸರು ದೊಡ್ಡದಾದಷ್ಟೂ ಸಂಶಯವೂ ದೊಡ್ಡದಿರಬೇಕು.

ನಾಲ್ಕನೆಯದು ಮುದ್ರೆಗಳು. 1930ರ ದಶಕದ ಕೊನೆಯಿಂದ ಕಾರ್ಖಾನೆಯ ಅಲಗುಗಳ ಬುಡದಲ್ಲಿ ‘ಷೋವಾ’ ಅಥವಾ ಸೆಕಿ ಊರಿನ ಚಿಕ್ಕ ಪರಿಶೀಲನಾ ಮುದ್ರೆ ಒತ್ತಿರುತ್ತಿದ್ದರು. ಲಂಗರಿನ ಗುರುತು ನೌಕಾಸೇನೆಯದು. ಇವು ಕಂಡರೆ ಅಲಗು ಯುದ್ಧಕಾಲದ್ದು, ಅಸಾಂಪ್ರದಾಯಿಕ ವಿಧಾನದ್ದು ಎಂದು ಬಹುಮಟ್ಟಿಗೆ ತೀರ್ಮಾನವಾದಂತೆ. ಆದರೆ ಐದು ಮೂಲೆಯ ನಕ್ಷತ್ರದ ಮುದ್ರೆ ಬೇರೆ ಕಥೆ ಹೇಳುತ್ತದೆ. ಸೇನೆ ಒಪ್ಪಿಗೆಯಿತ್ತ ಶಿಲ್ಪಿಗಳು ಸಾಂಪ್ರದಾಯಿಕ ಉಕ್ಕಿನಿಂದ ಮಾಡಿದ ಅಲಗುಗಳಿಗೆ ಅದನ್ನು ಒತ್ತುತ್ತಿದ್ದರು. ಯುದ್ಧಕಾಲದ್ದೆಂಬ ಕಾರಣಕ್ಕೆ ಖಡ್ಗವೊಂದನ್ನು ಹಗುರವಾಗಿ ಕಾಣುವಂತಿಲ್ಲ.

ಉಕ್ಕಿನ ಸಾಕ್ಷ್ಯ

ಸಾಂಪ್ರದಾಯಿಕ ಖಡ್ಗದ ಉಕ್ಕು ತಮಾಹಗಾನೆ. ಕಬ್ಬಿಣದ ಮರಳನ್ನೂ ಇದ್ದಿಲನ್ನೂ ತತಾರಾ ಎಂಬ ಮಣ್ಣಿನ ಕುಲುಮೆಯಲ್ಲಿ ಮೂರು ಹಗಲು ಮೂರು ರಾತ್ರಿ ಉರಿಸಿ ಅದನ್ನು ಪಡೆಯುತ್ತಾರೆ. ನಿಂತುಹೋಗಿದ್ದ ಈ ಪದ್ಧತಿ ಶಿಮಾನೆ ಪ್ರಾಂತದಲ್ಲಿ 1977ರಲ್ಲಿ ಪುನಶ್ಚೇತನಗೊಂಡಿತು. ಆ ಉಕ್ಕನ್ನು ಮತ್ತೆ ಮತ್ತೆ ಮಡಿಚಿ ಬಡಿಯುವುದರಿಂದ ಅಲಗಿನ ಮೈಯಲ್ಲಿ ಮರದ ಎಳೆಯಂಥ ವಿನ್ಯಾಸ ಮೂಡುತ್ತದೆ, ಅದು ಹಾದಾ. ಬಳಿಕ ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳುವಾಗಿ ಜೇಡಿ ಲೇಪಿಸಿ, ಕಾಯಿಸಿ ನೀರಿನಲ್ಲಿ ಅದ್ದುತ್ತಾರೆ. ತೆಳುಲೇಪದ ಬಾಯಿ ಥಟ್ಟನೆ ತಣಿದು ಮಾರ್ಟೆನ್ಸೈಟ್ ಎಂಬ ಅತಿಗಡಸು ರೂಪ ತಾಳುತ್ತದೆ. ಬೆನ್ನು ನಿಧಾನವಾಗಿ ತಣಿದು ಮೃದುವಾಗಿಯೇ ಉಳಿಯುತ್ತದೆ. ಇವೆರಡರ ನಡುವಿನ ಬಿಳಿಯ ಗಡಿಯೇ ಹಾಮೊನ್.

ಒಂದೇ ದೀಪದ ಬೆಳಕಿನಲ್ಲಿ ಅಲಗನ್ನು ನಿಧಾನವಾಗಿ ಓರೆಮಾಡಿ ನೋಡಿದರೆ ನಿಜವಾದ ಹಾಮೊನ್‌ನ ಗಡಿಯಲ್ಲಿ ಮಂಜಿನಂಥ ಹೊಳಪು ಅಥವಾ ಸಕ್ಕರೆಯ ಹರಳಿನಂಥ ಕಣಗಳು ಮಿನುಗುತ್ತವೆ. ಮೊದಲನೆಯದು ನಿಯೊಯ್, ಎರಡನೆಯದು ನಿಯೆ. ಎಣ್ಣೆಯಲ್ಲಿ ತಣಿಸಿದ ಕಾರ್ಖಾನೆಯ ಅಲಗಿನಲ್ಲಿ ಗಡಿಯಿದ್ದರೂ ಅದು ಜೀವವಿಲ್ಲದ್ದು, ಹಾದಾ ಕಾಣದು. ನಕಲಿ ಅಲಗಿನಲ್ಲಿ ಆಮ್ಲದಿಂದಲೋ ತಂತಿಯ ಕುಂಚದಿಂದಲೋ ಬರೆದ ಅಲೆ ಮೇಲ್ಮೈಯಲ್ಲೇ ನಿಂತಿರುತ್ತದೆ, ಓರೆಮಾಡಿದರೂ ಬದಲಾಗದು.

ಹಾದಾ ಮತ್ತು ಹಾಮೊನ್‌ಗಳ ಬಗೆಯಿಂದಲೇ ತಜ್ಞರು ಖಡ್ಗದ ಊರನ್ನು ಹೇಳುತ್ತಾರೆ. ಯಮಾಶಿರೊ, ಯಮಾತೊ, ಬಿಜೆನ್, ಸೋಶು, ಮಿನೊ ಎಂಬ ಐದು ಸಂಪ್ರದಾಯಗಳಿವೆ. ಬಿಜೆನ್‌ನ ಹಾಮೊನ್ ಲವಂಗದ ಮೊಗ್ಗುಗಳ ಸಾಲಿನಂತೆ ಏರಿಳಿಯುವುದು ಪ್ರಸಿದ್ಧ. ಯಮಾತೊದಲ್ಲಿ ಎಳೆಗಳು ಉದ್ದುದ್ದ ಓಡುತ್ತವೆ. ಉಕ್ಕಿನ ಮೈಯನ್ನು ಓದುವ ಈ ವಿದ್ಯೆ ನಾವು ಬದುಕುತ್ತಿರುವ ಅರಬ್ಬೀ ನಾಡಿಗೂ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲೇ ಬಾಗ್ದಾದಿನ ಅಲ್ ಕಿಂದಿ ಖಡ್ಗಗಳ ಬಗೆಗಳನ್ನು ಕುರಿತು ಗ್ರಂಥ ಬರೆದಿದ್ದ. ಭಾರತದ ಉಕ್ಕಿನ ಖಡ್ಗಕ್ಕೆ ಅರಬ್ಬಿಯಲ್ಲಿ ‘ಮುಹನ್ನದ್’ ಎಂಬ ಹೆಸರೇ ಇದೆ. ಯುರೋಪಿಯನ್ನರು ಆ ಉಕ್ಕನ್ನು ಕರೆದ ‘ವೂಟ್ಸ್’ ಎಂಬ ಪದ ನಮ್ಮ ‘ಉಕ್ಕು’ವಿನಿಂದ ಬಂದುದೆಂಬುದು ವಿದ್ವಾಂಸರಲ್ಲಿ ಬಲವಾಗಿರುವ ಅಭಿಪ್ರಾಯ. ಆದರೆ ಮೂಸೆಯಲ್ಲಿ ಕರಗಿಸಿದ ಉಕ್ಕಿನ ನೀರಲೆಯ ವಿನ್ಯಾಸಕ್ಕೂ, ಮಡಿಚಿ ಬಡಿದ ಜಪಾನಿ ಹಾದಾಕ್ಕೂ ಹುಟ್ಟಿನ ಕಾರಣ ಬೇರೆ.

ಯಂತ್ರದ ಪರೀಕ್ಷೆಯಿಂದ ಎಲ್ಲವೂ ಬಗೆಹರಿಯದೇ ಎಂದು ಕೇಳುವವರಿದ್ದಾರೆ. ನಾವು ಸ್ಥಾವರಗಳಲ್ಲಿ ಬಳಸುವ ಕೈಹಿಡಿ ಎಕ್ಸ್‌ರೇ ವಿಶ್ಲೇಷಕ ಲೋಹಕ್ಕೆ ಹಾನಿಮಾಡದೆ ಮಿಶ್ರಧಾತುಗಳನ್ನು ತೋರಿಸುತ್ತದೆ. ತಮಾಹಗಾನೆಯಲ್ಲಿ ಮ್ಯಾಂಗನೀಸ್ ಅತ್ಯಲ್ಪ. ಅದು ಗಣನೀಯವಾಗಿದ್ದರೆ ಆಧುನಿಕ ಉಕ್ಕಿನ ಶಂಕೆ ಸಹಜ. ಕ್ರೋಮಿಯಂ ಧಾರಾಳವಾಗಿದ್ದರೆ ಅದು ಕಡಲಗಾಳಿಗೆ ತಾಳುವಂತೆ ನೌಕಾಸೇನೆಗಾಗಿ ಮಾಡಿದ ತುಕ್ಕುರಹಿತ ಅಲಗಾಗಿರಬಹುದು, ಇಲ್ಲವೇ ಇತ್ತೀಚಿನ ಅಲಂಕಾರದ ವಸ್ತು. ಆದರೆ ಈ ಯಂತ್ರ ಇಂಗಾಲವನ್ನು ಅಳೆಯಲಾರದು, ವರ್ಷವನ್ನಂತೂ ಹೇಳಲಾರದು. ಇಂಗಾಲ ಅಳೆಯುವ ಕಿಡಿ ಪರೀಕ್ಷೆ ಲೋಹದ ಮೇಲೆ ಸುಟ್ಟ ಕಲೆ ಬಿಡುತ್ತದೆ. ಖಡ್ಗದ ಮೇಲೆ ಅದನ್ನು ಪ್ರಯೋಗಿಸುವುದು ಅಪರಾಧಕ್ಕೆ ಸಮ. ‘ಇದು ಹೊಸದು’ ಎಂದು ಯಂತ್ರ ಹೇಳಬಹುದು. ‘ಇದು ಹಳೆಯದು’ ಎನ್ನಲು ಪಳಗಿದ ಕಣ್ಣೇ ಬೇಕು.

ಒಂದು ಉದಾಹರಣೆ

ಅಬುಧಾಬಿಯಲ್ಲಿರುವ ಕೊಡಗಿನ ಕುಟುಂಬವೊಂದರ ಖಡ್ಗ ಮಡಿಕೇರಿಯ ಸಮೀಪದ ಐನ್‌ಮನೆಯಲ್ಲಿತ್ತು. ‘ಬರ್ಮಾದ ಜಪಾನಿ ಜನರಲ್‌ನದು, ಐನೂರು ವರ್ಷದ್ದು’ ಎಂಬುದು ಮನೆಮಾತು. ಕಿರಿಯ ಸಹೋದರರು ಅದನ್ನು ಅಬುಧಾಬಿಗೆ ತಂದು ಗೋಡೆಯ ಮೇಲಿಡಬೇಕೆಂದಿದ್ದರು. ಹಿರಿಯರು ಊರಿನ ಕಮ್ಮಾರನಲ್ಲಿ ಸಾಣೆ ಹಿಡಿಸಬೇಕೆಂದಿದ್ದರು. ಎರಡನ್ನೂ ತಡೆದು ಮೊದಲು ಛಾಯಾಚಿತ್ರಗಳನ್ನು ತೆಗೆಸಿದೆವು.

ಉಡುಗೆ 1938ರ ಮಾದರಿಯದು, ಚರ್ಮದ ಹೊದಿಕೆಯದು. ಕುಚ್ಚು ಕಂದು ಮತ್ತು ನೀಲಿ. ಎಂದರೆ ಒಡೆಯ ಜನರಲ್ ಅಲ್ಲ, ಕಿರಿಯ ಅಧಿಕಾರಿ. ಅಲಗಿನ ಉದ್ದ 66 ಸೆಂಟಿಮೀಟರು. ನಕಾಗೊದಲ್ಲಿ ಸಹಿಯಿಲ್ಲ, ಮುದ್ರೆಯಿಲ್ಲ; ರಂಧ್ರಗಳು ಎರಡು; ತುದಿ ನೇರವಾಗಿ ಕತ್ತರಿಸಿದ್ದು; ತುಕ್ಕು ಕಡುಗಂದು. ಮೈಯಲ್ಲಿ ಕಲೆಗಳಿದ್ದರೂ ಅವುಗಳ ನಡುವೆ ಹಾದಾ ಕಾಣುತ್ತಿತ್ತು. ಇವೆಲ್ಲ ಒಂದೇ ದಿಕ್ಕಿಗೆ ಕೈತೋರಿದವು: ಅಲಗು 1876ಕ್ಕಿಂತ ಖಂಡಿತ ಹಿಂದಿನದು; ಪ್ರಾಯಶಃ ಕೊತೊ ಕಾಲದ ಉದ್ದ ಖಡ್ಗವೊಂದನ್ನು ಗಿಡ್ಡಮಾಡಿ, ಕೊನೆಗೆ ಸೇನೆಯ ಉಡುಗೆ ತೊಡಿಸಿದ್ದು. ಮನೆಮಾತು ಒಡೆಯನ ಪದವಿಯಲ್ಲಿ ತಪ್ಪಿತ್ತು, ವಯಸ್ಸಿನಲ್ಲಿ ಸತ್ಯಕ್ಕೆ ಹತ್ತಿರವಿತ್ತು.

ಪೆಟ್ಟಿಗೆಯ ತಳದಲ್ಲಿ ಬಟ್ಟೆಯ ಚೀಟಿಯೂ ಸಿಕ್ಕಿತು. ಶಾಯಿ ಮಾಸಿದ್ದರೂ ಜಪಾನಿ ಬಲ್ಲ ಪರಿಚಿತರೊಬ್ಬರು ಅದರಲ್ಲಿ ಒಂದು ಕುಟುಂಬನಾಮವನ್ನು ಓದಿದರು. ಅಲ್ಲಿಗೆ ಮನೆಯವರ ಪ್ರಶ್ನೆಯೇ ಬದಲಾಯಿತು. ಅಷ್ಟರವರೆಗೆ ಅದು ಅಜ್ಜನ ಶೌರ್ಯದ ಗುರುತಾಗಿತ್ತು. ಈಗ ಇನ್ನೊಂದು ಮನೆಯ ಅಜ್ಜನ ಹೆಸರೂ ಅದಕ್ಕೆ ಅಂಟಿಕೊಂಡಿತು. ಹಿಂದಿರುಗಿಸುವ ಮಾತೂ ಬಂತು. ಇಲ್ಲಿ ವಯಸ್ಸಿನ ನಿರ್ಣಯ ಕುತೂಹಲದ ಸಂಗತಿಯಾಗಿ ಉಳಿಯದೆ ಕಾನೂನಿನ ಸಂಗತಿಯಾಯಿತು.

ಮೂರು ದೇಶಗಳ ಕಾನೂನು

ಭಾರತದ 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಐತಿಹಾಸಿಕ, ಕಲಾತ್ಮಕ ವಸ್ತುಗಳು ಪುರಾತನ ವಸ್ತುಗಳು. ಅವು ವಿದೇಶದಲ್ಲಿ ತಯಾರಾದವೆಂಬುದು ವಿನಾಯಿತಿಯಾಗದು. ಅವುಗಳನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರವಿತ್ತ ಸಂಸ್ಥೆಯ ಹೊರತು ಬೇರಾರೂ ದೇಶದ ಹೊರಗೆ ಸಾಗಿಸುವಂತಿಲ್ಲ. ಹೀಗಾಗಿ ಮೇಲಿನ ಖಡ್ಗವನ್ನು ಅಬುಧಾಬಿಗೆ ತರುವುದಾಗಲಿ, ಖಾಸಗಿಯಾಗಿ ಜಪಾನಿಗೆ ಕಳುಹಿಸುವುದಾಗಲಿ ಸಾಧ್ಯವಿಲ್ಲ. 1942ರ ಕಾರ್ಖಾನೆಯ ಅಲಗಾಗಿದ್ದರೂ ಅದು ಪುರಾತನವಲ್ಲವೆಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಪಡೆಯುವುದು ವಿವೇಕ.

ಆಯುಧವಾಗಿ ಅದನ್ನು ಇಟ್ಟುಕೊಳ್ಳುವ ಪ್ರಶ್ನೆ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1959ರ ಆಯುಧ ಕಾಯಿದೆಯ ಪರವಾನಗಿಯಿಂದ ವಿನಾಯಿತಿಯಿದೆ. 2019ರಲ್ಲಿ ಅದು ಹತ್ತು ವರ್ಷಗಳಿಗೆ ಮುಂದುವರಿದಿದ್ದು, ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ಕೊಡಗಿನದು. ದುಬೈ ವಿಮಾನ ನಿಲ್ದಾಣದ ಸುಂಕದ ಕಟ್ಟೆಯಲ್ಲಿ ಅದಕ್ಕೆ ಅರ್ಥವಿಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಆಯುಧಗಳ ಆಮದು ಕಟ್ಟುನಿಟ್ಟಾದ ವಿಷಯ. ‘ಅಲಂಕಾರಕ್ಕಾಗಿ’ ಎಂಬ ಸಮಜಾಯಿಷಿಯನ್ನು ನೆಚ್ಚಿ ಸಾಮಾನಿನಲ್ಲಿ ಖಡ್ಗವಿಟ್ಟು ಹೊರಡಬಾರದು. ಬರಹದಲ್ಲಿ ಪೂರ್ವಾನುಮತಿ ಇಲ್ಲದೆ ಹೆಜ್ಜೆ ಇಡಬಾರದು.

ಜಪಾನಿನಲ್ಲಿ ಸಾಂಪ್ರದಾಯಿಕವಾಗಿ ತಯಾರಾದ ಖಡ್ಗಗಳನ್ನು ಕಲಾಕೃತಿಗಳಾಗಿ ನೋಂದಾಯಿಸುತ್ತಾರೆ. ಯುದ್ಧಕಾಲದ ಕಾರ್ಖಾನೆಯ ಅಲಗುಗಳಿಗೆ ನೋಂದಣಿ ದೊರೆಯದು. ಅಲ್ಲಿಗೆ ಕಳುಹಿಸಿದರೆ ಅವು ನಾಶವಾಗಬಹುದು. ಅಜ್ಜನ ನೆನಪನ್ನು ಗೌರವದಿಂದ ಹಿಂದಿರುಗಿಸಲು ಹೊರಟವರು ಈ ಅಂಶವನ್ನು ಮೊದಲೇ ತಿಳಿದಿರಬೇಕು.

ಅಧಿಕೃತ ನಿರ್ಣಯಕ್ಕೆ ಹೆಸರಾದುದು 1948ರಲ್ಲಿ ಸ್ಥಾಪನೆಯಾದ ಜಪಾನಿ ಕಲಾಖಡ್ಗ ಸಂರಕ್ಷಣಾ ಸಂಘ. ಟೋಕಿಯೋದ ಖಡ್ಗ ವಸ್ತುಸಂಗ್ರಹಾಲಯವನ್ನು ನಡೆಸುವ ಸಂಸ್ಥೆಯೂ ಅದೇ. ಅದು ಖಡ್ಗವನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಪತ್ರ ನೀಡುತ್ತದೆ. ಚಿತ್ರ ನೋಡಿ ಶಿಲ್ಪಿಯ ಹೆಸರು ಹೇಳುವೆನೆನ್ನುವವರಿಗೆ ಹಣ ಕೊಡಬಾರದು.

ಕಾಪಾಡುವ ಬಗೆ

ನಮ್ಮ ಭಕ್ತಿಯೇ ಖಡ್ಗಕ್ಕೆ ಮುಳುವಾಗುವುದುಂಟು. ಕೈಲ್‌ಪೊಳ್ದಿಗೋ ಆಯುಧಪೂಜೆಗೋ ಹುಣಿಸೆಹಣ್ಣು, ಬೂದಿಗಳಿಂದ ಬೆಳಗಿ, ಅಲಗಿಗೆ ಗಂಧ ಕುಂಕುಮಗಳನ್ನು ಹಚ್ಚುತ್ತೇವೆ. ಹುಣಿಸೆಯ ಆಮ್ಲ ಮತ್ತು ಗಂಧದ ತೇವ ಎರಡೂ ಉಕ್ಕಿನ ಶತ್ರುಗಳು. ತೊಟ್ಟು ಬಿದ್ದಷ್ಟು ಜಾಗದಲ್ಲಿ ಮರುವರ್ಷಕ್ಕೆ ತುಕ್ಕಿನ ಗುಂಡಿ. ಪೂಜೆ ನಿಲ್ಲಬೇಕಾಗಿಲ್ಲ, ತಿಲಕವನ್ನು ಪೀಠಕ್ಕೋ ಹೊದಿಸಿದ ಬಟ್ಟೆಗೋ ಇಟ್ಟರೆ ಸಾಕು. ತೆಂಗಿನೆಣ್ಣೆ ಕಾಲಕ್ರಮೇಣ ಅಂಟಾಗಿ ಕೆಡುತ್ತದೆ. ಹೊಲಿಗೆಯಂತ್ರದ ತಿಳಿ ಖನಿಜ ಎಣ್ಣೆಯನ್ನು ಮೃದುವಾದ ಹತ್ತಿಬಟ್ಟೆಯಿಂದ ತೆಳುವಾಗಿ ಸವರಿ, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಅಲಗನ್ನು ಬರಿಗೈಯಿಂದ ಮುಟ್ಟಬಾರದು. ಮಡಿಕೇರಿಯ ಮಳೆಗಾಲದಲ್ಲಿ ಚರ್ಮದ ಹೊದಿಕೆ ತೇವ ಹೀರುತ್ತದೆಯಾದ್ದರಿಂದ ಅದನ್ನು ಬೇರೆ ತೆಗೆದಿಡುವುದು ಮೇಲು.

ಸಾಣೆಯ ವಿಷಯದಲ್ಲಿ ರಾಜಿಯಿಲ್ಲ. ತರಬೇತಾದ ಜಪಾನಿ ಸಾಣೆಗಾರ ವಿವಿಧ ಕಲ್ಲುಗಳಿಂದ ವಾರಗಟ್ಟಲೆ ಮಾಡುವ ಕೆಲಸವನ್ನು ವಿದ್ಯುತ್ ಚಕ್ರ ಹತ್ತು ನಿಮಿಷದಲ್ಲಿ ಹಾಳುಮಾಡಬಲ್ಲುದು. ಚಕ್ರದ ಬಿಸಿ ಬಾಯಿಯ ಗಡಸನ್ನೇ ಇಳಿಸುತ್ತದೆ. ಹಾಮೊನ್ ಹೋದ ಖಡ್ಗ ಮರಳಿ ಬಾರದು.

ಕೊನೆಯದಾಗಿ, ಖಡ್ಗವಿರುವ ಪ್ರತಿಯೊಂದು ಮನೆಯೂ ಮಾಡಬಹುದಾದ ಕೆಲಸವೊಂದಿದೆ. ಹಗಲಿನ ಬೆಳಕಿನಲ್ಲಿ ನಕಾಗೊದ ಎರಡೂ ಮುಖ, ಪೂರ್ತಿ ಅಲಗು, ತುದಿ, ಕೈಕಾಪು, ಕುಚ್ಚು, ಚೀಟಿ ಇವುಗಳ ಚಿತ್ರಗಳನ್ನು ಅಳತೆಪಟ್ಟಿ ಇಟ್ಟು ತೆಗೆಯಿರಿ. ತಂದವರ ಹೆಸರು, ದಳ, ಸೇವೆಯ ಊರು, ವರ್ಷ, ಮನೆಯಲ್ಲಿ ಕೇಳಿಬಂದ ಕಥೆ, ಇವನ್ನು ಒಂದು ಹಾಳೆಯಲ್ಲಿ ಬರೆದು, ಯಾವುದು ಕಂಡದ್ದು ಯಾವುದು ಕೇಳಿದ್ದು ಎಂದು ಬೇರ್ಪಡಿಸಿ, ಖಡ್ಗದೊಡನೆಯೇ ಇಡಿ. ಮೇಲೆ ಹೇಳಿದ ಕುಟುಂಬವೂ ಈಗ ಅಷ್ಟನ್ನೇ ಮಾಡಿದೆ: ಖಡ್ಗ ಐನ್‌ಮನೆಯಲ್ಲಿಯೇ ಇದೆ, ಇಬ್ಬರು ಸೈನಿಕರ ಹೆಸರುಗಳು ಒಂದೇ ಹಾಳೆಯಲ್ಲಿವೆ. ಉಕ್ಕು ಇನ್ನೂ ಹಲವು ತಲೆಮಾರು ಬಾಳುತ್ತದೆ. ಅದರ ಕಥೆ ತಿಳಿದ ಹಿರಿಯರಿಗೆ ಅಷ್ಟು ಆಯುಸ್ಸಿಲ್ಲ. ಅವರನ್ನು ಕೇಳಿ ಬರೆದಿಡುವ ಕೆಲಸವನ್ನು ಮುಂದಿನ ರಜೆಯವರೆಗೂ ಮುಂದೂಡದಿರುವುದು ಒಳ್ಳೆಯದು.